ವಿಯೆನ್ನಾದ ಹೆರಿಗೆಮನೆಯಲ್ಲಿ ಸೂತಕ

ಹೆರಿಗೆಯು ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಕನ್ನಡನಾಡಿನ ಹಳ್ಳಿಹಳ್ಳಿಗಳಲ್ಲಿಯೂ ಬಳಕೆಯಲ್ಲಿದೆ. ಹೆತ್ತ ಕೆಲವೇ ದಿನಗಳಲ್ಲಿ ಮೈನಡುಕ, ಉರಿಜ್ವರ, ಕಿಬ್ಬೊಟ್ಟೆಯ ನೋವು ತಲೆದೋರಿ, ಹಸುಗೂಸನ್ನು ಬಿಟ್ಟು ತಾಯಿ ಕಣ್ಮುಚ್ಚುವ ವ್ಯಾಧಿಯನ್ನು ಹಿರಿಯರು ಬಾಣಂತಿ ನಂಜು ಎಂದು ಕರೆದರು. ಜನನಸೂತಕದ ಹೆಸರಿನಲ್ಲಿ ಹೆತ್ತವಳನ್ನೇ ಮೈಲಿಗೆಯೆಂದು ಮೂಲೆಗಿರಿಸಿದ್ದೂ ಉಂಟು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಹನ್ನೆರಡನೆಯ ಶತಮಾನದ ಶರಣರು ತಳ್ಳಿಹಾಕಿದರೆಂಬುದು ವಚನಾಭ್ಯಾಸಿಗಳಿಗೆ ಹೊಸ ಸಂಗತಿಯಲ್ಲ. ಆ ನಿರಾಕರಣೆ ಧರ್ಮದ ನೆಲೆಯಿಂದ ಬಂದದ್ದು, ರೋಗಶಾಸ್ತ್ರದಿಂದಲ್ಲ. ಎರಡನ್ನೂ ಬೆರೆಸುವುದು ಯುಕ್ತವಲ್ಲ. ಆದರೆ ಹೆತ್ತವಳನ್ನು ಕೊಲ್ಲುವ ಮೈಲಿಗೆ ಯಾರಲ್ಲಿದೆ ಎಂಬ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದ ವಿಯೆನ್ನಾ ನಗರದಲ್ಲಿ ಒಬ್ಬ ವೈದ್ಯನು ಲೆಕ್ಕದ ಪುಸ್ತಕ ಹಿಡಿದು ಕೇಳಿದನು. ಅವನಿಗೆ ದೊರೆತ ಉತ್ತರವನ್ನು ಅವನ ಸಹವೃತ್ತಿಯವರೇ ಬಹುಕಾಲ ಸಹಿಸಲಿಲ್ಲ.

ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯನ್ನು 1784ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫನು ತೆರೆದನು. ಅದರ ಹೆರಿಗೆ ವಿಭಾಗಕ್ಕೆ ಬರುತ್ತಿದ್ದವರು ಹೆಚ್ಚಾಗಿ ಬಡವರು, ಮನೆಗೆಲಸದವರು, ಮದುವೆಯಿಲ್ಲದೆ ಬಸಿರಾದ ಹುಡುಗಿಯರು. ಅವರಿಗೆ ಆರೈಕೆ ಉಚಿತವಾಗಿತ್ತು. ಮಗುವನ್ನು ಅನಾಥಶಿಶುಗಳ ಮಂದಿರ ಸ್ವೀಕರಿಸುತ್ತಿತ್ತು. ಪ್ರತಿಯಾಗಿ ಅವರ ದೇಹ ವಿದ್ಯಾರ್ಥಿಗಳ ಕಲಿಕೆಗೆ ಒದಗಬೇಕಾಗಿತ್ತು. ಮೊದಲು ಅಲ್ಲಿ ಮುಖ್ಯನಾಗಿದ್ದ ಲೂಕಾಸ್ ಬೋಅರ್ ಎಂಬ ಪ್ರಾಧ್ಯಾಪಕನು ಹೆರಿಗೆಯ ಪಾಠಕ್ಕೆ ಶವಗಳನ್ನು ಬಳಸಲು ಒಪ್ಪಲಿಲ್ಲ. ಅವನ ಕಾಲದಲ್ಲಿ ಸಾವು ಶೇಕಡಾ ಒಂದಕ್ಕಿಂತ ತುಸು ಹೆಚ್ಚು, ಅಷ್ಟೆ. ಅವನ ಬಳಿಕ 1823ರಲ್ಲಿ ಯೋಹಾನ್ ಕ್ಲೈನ್ ಅಧಿಕಾರಕ್ಕೆ ಬಂದನು, ಶವದ ಮೇಲಿನ ಪಾಠ ಆರಂಭವಾಯಿತು, ಸಾವು ಏರಿತು. ಎರಡಕ್ಕೂ ನಂಟಿದೆಯೆಂದು ಆಗ ಯಾರೂ ಎಣಿಸಲಿಲ್ಲ.

ಮುಂದೆ ವಿಭಾಗವು ಎರಡಾಗಿ, 1840ರಿಂದ ಒಂದನೆಯದು ವೈದ್ಯವಿದ್ಯಾರ್ಥಿಗಳಿಗೆ, ಎರಡನೆಯದು ಸೂಲಗಿತ್ತಿಯರ ಶಿಕ್ಷಣಕ್ಕೆ ಮೀಸಲಾಯಿತು. ಗರ್ಭಿಣಿಯರನ್ನು ಸರದಿಯ ದಿನಗಳ ಮೇಲೆ ಒಂದಕ್ಕೊ ಇನ್ನೊಂದಕ್ಕೊ ಸೇರಿಸಲಾಗುತ್ತಿತ್ತು. ವಿದ್ಯಾವಂತರ ವಿಭಾಗದಲ್ಲಿ 1841ರಿಂದ 1846ರವರೆಗೆ 20,042 ಹೆರಿಗೆಗಳಿಗೆ 1,989 ಸಾವುಗಳು. ಸೂಲಗಿತ್ತಿಯರ ವಿಭಾಗದಲ್ಲಿ 17,791ಕ್ಕೆ 691. ಒಂದೇ ಸೂರು, ಒಂದೇ ಊರಿನ ಗಾಳಿ, ಒಂದೇ ಬಗೆಯ ಬಡ ಹೆಂಗಸರು. ಆದರೂ ಇಷ್ಟು ಅಂತರ.

ಈ ಅಂತರವನ್ನು ಪ್ರಾಧ್ಯಾಪಕರಿಗಿಂತ ಮೊದಲು ಮನಗಂಡವರು ಆ ಹೆಂಗಸರೇ. ಒಂದನೆಯ ವಿಭಾಗದ ಸರದಿಯೆಂದು ತಿಳಿದೊಡನೆ ಅವರು ಮೊಣಕಾಲೂರಿ, ಕೈಜೋಡಿಸಿ, ಬೇರೆಡೆಗೆ ಕಳುಹಿಸಿರೆಂದು ಅಂಗಲಾಚುತ್ತಿದ್ದರು. ಕೆಲವರು ಬೀದಿಯಲ್ಲಿಯೇ ಹೆತ್ತು ಕೂಸನ್ನೆತ್ತಿಕೊಂಡು ಬರುತ್ತಿದ್ದರು. ದಾರಿಯಲ್ಲಿ ಹೆತ್ತವರಿಗೂ ಆಸ್ಪತ್ರೆಯ ಸೌಲಭ್ಯ ದೊರೆಯುತ್ತಿತ್ತು. ಆಶ್ಚರ್ಯವೆಂದರೆ, ಕಲ್ಲುಹಾಸಿನ ಮೇಲೆ, ಯಾವ ಆಸರೆಯೂ ಇಲ್ಲದೆ ಹೆತ್ತ ಇವರಿಗೆ ನಂಜು ತಗಲುವುದು ಅಪರೂಪವಾಗಿತ್ತು. ಹೆಂಗಸರ ಈ ಭೀತಿಯನ್ನು ಪಂಡಿತರು ಸಾಕ್ಷ್ಯವೆಂದು ಪರಿಗಣಿಸಲಿಲ್ಲ. ಬದಲಾಗಿ, ಭೀತಿಯೇ ರೋಗಕ್ಕೆ ಕಾರಣವೆಂದು ಕೆಲವರು ಬರೆದರು! ಅಳುವವಳ ಅಳುವನ್ನೇ ಅಪರಾಧವಾಗಿಸುವ ತರ್ಕವಿದು.

1846ರ ಜುಲೈಯಲ್ಲಿ ಕ್ಲೈನನ ಸಹಾಯಕನಾಗಿ ಬಂದವನು ಇಗ್ನಾಜ್ ಸೆಮ್ಮೆಲ್‌ವೈಸ್; ಹಂಗೇರಿಯ ಬೂಡಾದಲ್ಲಿ 1818ರಲ್ಲಿ ಹುಟ್ಟಿದವನು. ಅವನು ಒಂದೊಂದು ವಾದವನ್ನೂ ಒರೆಗೆ ಹಚ್ಚಿದನು. ಗಾಳಿಯ ದೋಷವೆನ್ನೋಣವೆಂದರೆ ಎರಡು ವಿಭಾಗಗಳಿಗೂ ಗಾಳಿಯೊಂದೇ. ಜನದಟ್ಟಣೆಯೆಂದರೆ, ಹೆಂಗಸರು ಬಯಸಿ ಹೋಗುತ್ತಿದ್ದ ಎರಡನೆಯ ವಿಭಾಗದಲ್ಲಿಯೇ ದಟ್ಟಣೆ ಹೆಚ್ಚು. ವಿದ್ಯಾರ್ಥಿಗಳ ಒರಟು ಪರೀಕ್ಷೆಯೇ ಕಾರಣವೆಂದು ಒಂದು ಸಮಿತಿ ತೀರ್ಮಾನಿಸಿ, ಅವರ ಸಂಖ್ಯೆಯನ್ನು ತಗ್ಗಿಸಿತು; ಸಾವು ಕೆಲಕಾಲ ಇಳಿದು ಮತ್ತೆ ಏರಿತು. ಸಾಯುವವರಿಗೆ ಕೊನೆಯ ಸಂಸ್ಕಾರ ನೀಡಲು ಪಾದ್ರಿಯು ಗಂಟೆ ಬಾರಿಸುತ್ತ ಹಾಸಿಗೆಗಳ ನಡುವೆ ನಡೆಯುತ್ತಿದ್ದನು. ಆ ಸದ್ದಿನ ಅಂಜಿಕೆ ಇರಬಹುದೆಂದು ಸೆಮ್ಮೆಲ್‌ವೈಸನು ಗಂಟೆಯನ್ನು ನಿಲ್ಲಿಸಿ, ಬೇರೆ ದಾರಿಯಿಂದ ಬರಲು ಕೇಳಿಕೊಂಡನು. ಎರಡನೆಯ ವಿಭಾಗದಂತೆ ಪಕ್ಕಕ್ಕೆ ಮಲಗಿಸಿ ಹೆರಿಗೆ ಮಾಡಿಸಿದನು. ಸಾವು ತಗ್ಗಲಿಲ್ಲ.

1847ರ ಮಾರ್ಚಿಯಲ್ಲಿ ಅವನು ವೆನಿಸ್ ಪ್ರವಾಸದಿಂದ ಮರಳಿದಾಗ ಗೆಳೆಯ ಯಾಕೋಬ್ ಕೊಲೆಚ್ಕಾ ಗತಿಸಿದ ವಾರ್ತೆ ಕಾದಿತ್ತು. ನ್ಯಾಯವೈದ್ಯದ ಪ್ರಾಧ್ಯಾಪಕನಾದ ಅವನ ಬೆರಳಿಗೆ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗಲಿ, ನಂಜೇರಿತ್ತು. ಅವನ ಶವಪರೀಕ್ಷೆಯ ವರದಿಯನ್ನು ಓದಿದ ಸೆಮ್ಮೆಲ್‌ವೈಸನಿಗೆ ಅದು ಬಾಣಂತಿಯರ ಶವಗಳಲ್ಲಿ ತಾನು ದಿನವೂ ಕಂಡ ಲಕ್ಷಣಗಳೇ ಎಂದು ಹೊಳೆಯಿತು. ಗಂಡಸಿಗೆ ಬಾಣಂತಿ ನಂಜು! ಹಾಗಾದರೆ ವ್ಯಾಧಿಯು ಬಾಣಂತನದ್ದಲ್ಲ, ಶವದಿಂದ ಬಂದದ್ದು. ಬೆಳಗ್ಗೆ ಶವ ಕೊಯ್ದ ಕೈಯಿಂದಲೇ ವೈದ್ಯರೂ ವಿದ್ಯಾರ್ಥಿಗಳೂ ಹೆರುವವಳನ್ನು ಪರೀಕ್ಷಿಸುತ್ತಿದ್ದರು. ಸಾಬೂನಿನಿಂದ ತೊಳೆದರೂ ಆ ಕೈಗೆ ಹೆಣದ ನಾತ ಉಳಿಯುತ್ತಿತ್ತು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಆ ಕೈಗಳಲ್ಲಿ ಅವನ ಕೈಯೂ ಒಂದಾಗಿತ್ತು. ಎಷ್ಟು ತಾಯಂದಿರು ತನ್ನಿಂದ ಗೋರಿ ಸೇರಿದರೊ ದೇವರೇ ಬಲ್ಲನೆಂಬ ಅರ್ಥದ ಮಾತನ್ನು ಅವನು ಮುಚ್ಚುಮರೆಯಿಲ್ಲದೆ ಬರೆದಿಟ್ಟನು.

ಆ ವರ್ಷದ ಮೇ ನಡುಭಾಗದಿಂದ ಕ್ಲೋರಿನ್ ದ್ರಾವಣದಲ್ಲಿ ಕೈತೊಳೆಯದೆ ಯಾರೂ ಹೆಂಗಸರನ್ನು ಮುಟ್ಟಕೂಡದೆಂದು ಕಟ್ಟುಮಾಡಲಾಯಿತು. ಬಳಿಕ ಅಗ್ಗವಾದ ಕ್ಲೋರಿನ್ ಸುಣ್ಣವನ್ನು ಬಳಸಲಾಯಿತು. ಏಪ್ರಿಲ್‌ನಲ್ಲಿ 312 ಹೆರಿಗೆಗಳಿಗೆ 57 ಸಾವು. ಜೂನಿನಲ್ಲಿ 268ಕ್ಕೆ 6. ಜುಲೈಯಲ್ಲಿ 250ಕ್ಕೆ 3. 1848ರ ಮಾರ್ಚಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಒಂದು ಸಾವೂ ಇಲ್ಲ. ನಡುವೆ, 1847ರ ಅಕ್ಟೋಬರಿನಲ್ಲಿ, ಗರ್ಭಕೋಶದ ಅರ್ಬುದದಿಂದ ಕೀವು ಸೋರುತ್ತಿದ್ದ ಒಬ್ಬಳನ್ನು ಮೊದಲ ಹಾಸಿಗೆಯಲ್ಲಿ ಮಲಗಿಸಿದ್ದರಿಂದ, ಅವಳ ಬಳಿಕ ಪರೀಕ್ಷೆಗೊಳಗಾದವರಲ್ಲಿ ಹನ್ನೊಂದು ಮಂದಿ ಸತ್ತರು. ಜೀವಂತ ದೇಹದ ಕೊಳೆಯೂ ಕೊಲ್ಲುತ್ತದೆಂದು ಅದರಿಂದ ತಿಳಿಯಿತು. ಪ್ರತಿ ರೋಗಿಯ ನಡುವೆಯೂ ಕೈತೊಳೆಯುವ ನಿಯಮ ಬಂತು.

ಇಷ್ಟಾದರೂ ಕ್ಲೈನನು ಒಪ್ಪಲಿಲ್ಲ. 1849ರಲ್ಲಿ ಸೆಮ್ಮೆಲ್‌ವೈಸನ ಹುದ್ದೆ ಮುಂದುವರಿಯಲಿಲ್ಲ. ಸಭ್ಯನೂ ವಿದ್ವಾಂಸನೂ ಆದವನ ಕೈ ಮೈಲಿಗೆಯಾಗಿರಬಲ್ಲದೆಂಬುದು ಆ ವೃತ್ತಿಯ ಅಭಿಮಾನಕ್ಕೆ ನುಂಗಲಾರದ ತುತ್ತು. ಒಪ್ಪಿಕೊಂಡವನ ಪಾಡು ಇನ್ನೂ ಕಠಿಣ. ಕೀಲ್ ನಗರದ ಗುಸ್ತಾವ್ ಮಿಖಾಯೆಲಿಸ್ ಎಂಬ ವೈದ್ಯನು ಈ ಸತ್ಯವನ್ನು ಅರಿತು, ತಾನು ಹೆರಿಗೆ ಮಾಡಿಸಿದ ಬಂಧುವಿನ ಸಾವಿಗೆ ತಾನೇ ಕಾರಣನೆಂದು ಬೆಂದು, 1848ರಲ್ಲಿ ರೈಲಿನಡಿ ಬಿದ್ದು ಪ್ರಾಣ ನೀಗಿದನು.

ಸೆಮ್ಮೆಲ್‌ವೈಸನಲ್ಲಿಯೂ ದೋಷವಿತ್ತು. ಕಂಡುದನ್ನು ಸಕಾಲದಲ್ಲಿ ಬರೆಯಲಿಲ್ಲ; ಪೆಸ್ಟ್ ನಗರದ ಸಂತ ರೋಖಸ್ ಆಸ್ಪತ್ರೆಯಲ್ಲಿ ಅದೇ ಕ್ರಮದಿಂದ 933 ಹೆರಿಗೆಗಳಲ್ಲಿ ಸಾವನ್ನು ಎಂಟಕ್ಕೆ ಇಳಿಸಿದ ಮೇಲೂ ಗ್ರಂಥ ಹೊರಬಂದದ್ದು 1861ರಲ್ಲಿ. ಅನಂತರ ವಿರೋಧಿಗಳನ್ನು ಕೊಲೆಗಡುಕರೆಂದು ಬಹಿರಂಗ ಪತ್ರಗಳಲ್ಲಿ ಜರೆದನು. ಮಾತಿನ ಉಗ್ರತೆ ವಾದಕ್ಕೆ ನೆರವಾಗಲಿಲ್ಲ. 1865ರಲ್ಲಿ ಮನಸ್ಸು ಕೆಟ್ಟಿತೆಂದು ಅವನನ್ನು ವಿಯೆನ್ನಾದ ಹುಚ್ಚಾಸ್ಪತ್ರೆಯೊಂದಕ್ಕೆ ಸೇರಿಸಿದರು. ಆಗಸ್ಟ್ 13ರಂದು, ರಕ್ತಕ್ಕೆ ನಂಜೇರಿ, ನಲವತ್ತೇಳರ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡನು. ಅದರ ಹಿಂದಿನ ದಿನವೇ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರನು ಬಾಲಕನೊಬ್ಬನ ಮುರಿದ ಕಾಲಿನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ್ದನು.

ಬಾಣಂತಿ ನಂಜಿನ ಕ್ರಿಮಿ ಯಾವುದೆಂಬುದು ಇನ್ನೂ ಕಾಲು ಶತಮಾನದ ಹತ್ತಿರ ತಡೆಯಿತು ಎನ್ನುವಷ್ಟು ನಿಧಾನವಾಗಲಿಲ್ಲ. 1879ರಲ್ಲಿ ಪ್ಯಾರಿಸಿನ ವೈದ್ಯ ಅಕಾಡೆಮಿಯಲ್ಲಿ ಒಬ್ಬರು ಈ ಜ್ವರದ ಕಾರಣಗಳ ಕುರಿತು ಉಪನ್ಯಾಸ ಮಾಡುತ್ತಿದ್ದಾಗ ಲೂಯಿ ಪಾಶ್ಚರ್ ನಡುವೆ ಎದ್ದು, ಆರೋಗ್ಯವತಿಯರಿಗೆ ನಂಜನ್ನು ಒಯ್ಯುವವರು ವೈದ್ಯರೂ ಅವರ ಸಹಾಯಕರೂ ಎಂದು ಹೇಳಿ, ಕರಿಹಲಗೆಯ ಮೇಲೆ ಮಣಿಗಳ ಸರದಂತಿರುವ ಕ್ರಿಮಿಯ ಚಿತ್ರ ಬರೆದು ತೋರಿಸಿದನು.