ಕೆರೆ ಕಟ್ಟಿಸಿದ ಗುರು

ರಾಜಗುರು ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ನಾಟಕ, ಸಿನಿಮಾಗಳ ಗುರು. ಉದ್ದ ಗಡ್ಡ, ಕೈಯಲ್ಲಿ ದಂಡ, ಬಾಯಲ್ಲಿ ಶಾಪ. ಈಗಿನ ಮಕ್ಕಳು ಆಡುವ ಕಾಲ್ಪನಿಕ ರಾಜ್ಯಗಳ ಆಟದಲ್ಲೂ ಮಹಾಪುರೋಹಿತನ ಬಳಿ ಇರುವುದು ಮಂತ್ರಶಕ್ತಿಯೇ. ನಮ್ಮ ಸೀಮೆಯ ಶಾಸನಗಳಲ್ಲಿ ಕಾಣುವ ಗುರು ಮಾತ್ರ ಬೇರೆ ಥರದವನು. ಅವನ ಕೈಯಲ್ಲಿದ್ದುದು ಜಮೀನು, ಲೆಕ್ಕಪತ್ರ ಮತ್ತು ಕೂಲಿಯಾಳುಗಳು.

ಹೊಸಕೋಟೆ ತಾಲ್ಲೂಕಿನ ನಂದಗುಡಿಯಿಂದ ಕೋಲಾರ ದಾಟಿ ಮುಳಬಾಗಿಲ ಕಡೆ ಹೋದರೆ ಆವಣಿ ಸಿಗುತ್ತದೆ. ಬೆಟ್ಟದ ಮೇಲೆ ವಾಲ್ಮೀಕಿ ಆಶ್ರಮವಿತ್ತೆಂದೂ ಲವಕುಶರು ಹುಟ್ಟಿದ್ದು ಅಲ್ಲೇ ಎಂದೂ ಜನ ನಂಬುತ್ತಾರೆ. ಬೆಟ್ಟದ ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪಿದೆ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಗಳಲ್ಲಿ ಇಲ್ಲಿನ ಒಬ್ಬ ಶೈವ ಗುರುವಿನ ಸಂಗತಿ ಬರುತ್ತದೆ. ಹೆಸರು ತ್ರಿಭುವನಕರ್ತ, ಬಿರುದು ಕಲಿಯುಗರುದ್ರ. ಆತ ಆವಣಿಯ ಸ್ಥಾನವನ್ನು 40 ವರ್ಷ ಆಳಿ, 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿ, ಕ್ರಿ.ಶ. 961ರಲ್ಲಿ ತೀರಿಕೊಂಡನೆಂದು ಶಾಸನ ಹೇಳುತ್ತದೆ.

ಆಳಿದ ಎಂಬ ಮಾತನ್ನು ಗಮನಿಸಬೇಕು. ಗುಡಿಯೊಳಗೆ ಪೂಜೆ ಮಾಡುವವನು ಅರ್ಚಕ. ಸ್ಥಾನಪತಿ ಅಥವಾ ಸ್ಥಾನಾಚಾರ್ಯ ಎಂಬವನ ಕೆಲಸವೇ ಬೇರೆ. ದೇವರ ಹೆಸರಿನ ಗದ್ದೆ, ತೋಟ, ಸುಂಕದ ಪಾಲು ಎಲ್ಲ ಅವನ ಸುಪರ್ದಿನಲ್ಲಿ. ದಾನ ಕೊಡುವ ಅರಸ ಇಂಥ ಗುರುವಿನ ಕಾಲು ತೊಳೆದು ಧಾರೆಯೆರೆಯುತ್ತಿದ್ದ. ಅದು ಬರಿಯ ಭಕ್ತಿಯಲ್ಲ, ಇನ್ನು ಮುಂದೆ ಈ ಜಮೀನಿನ ಹೊಣೆ ಯಾರದು ಎಂಬುದನ್ನು ಊರವರ ಎದುರಿಗೆ ಗೊತ್ತುಮಾಡುವ ಕ್ರಮವೂ ಹೌದು.

ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಕೆರೆಯಿಲ್ಲದೆ ಗದ್ದೆಯಿಲ್ಲ, ಗದ್ದೆಯಿಲ್ಲದೆ ದೇವರಿಗೆ ನೈವೇದ್ಯವಿಲ್ಲ. ಆದ್ದರಿಂದ ಐವತ್ತು ಗುಡಿಗಳಿಗಿಂತ ಆ ಎರಡು ಕೆರೆಗಳೇ ನನಗೆ ದೊಡ್ಡದಾಗಿ ಕಾಣುತ್ತವೆ. ಅರಸರು ಗಡಿಗಾಗಿ ಕಾದಾಡುತ್ತಿದ್ದ ಕಾಲದಲ್ಲಿ ಒಂದೇ ಕಡೆ ನಲವತ್ತು ವರ್ಷ ಕೂತು ಏರಿ, ತೂಬು, ಕೋಡಿಗಳನ್ನು ನೋಡಿಕೊಳ್ಳುವ ಪುರುಸೊತ್ತು ಇನ್ನಾರಿಗಿತ್ತು? ಮಣ್ಣು ಹೊತ್ತವರ ಹೆಸರನ್ನು ಮಾತ್ರ ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ. ಗುರುವಿನ ಹೊಗಳಿಕೆ ಓದುವಾಗ ಇದೂ ನೆನಪಿರಲಿ.

ಇದೇ ಪದವಿ ಮುಂದೆ ಎಷ್ಟು ದೊಡ್ಡದಾಯಿತೆಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆ ಸಾಕ್ಷಿ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠ ಕಾಳಾಮುಖ ಶೈವರದು. ಗುರುವಿನಿಂದ ಶಿಷ್ಯನಿಗೆ ಪೀಠ ಸಾಗುತ್ತಿತ್ತು. 1162ರ ಶಾಸನ ಆ ಮಠವನ್ನು ಬಣ್ಣಿಸುವುದನ್ನು ಓದಿದರೆ ಕಾಲೇಜು, ಆಸ್ಪತ್ರೆ, ಛತ್ರ ಮೂರೂ ಒಂದೇ ಕಡೆ ಇದ್ದಂತೆ ತೋರುತ್ತದೆ. ವೇದ, ವ್ಯಾಕರಣ, ತರ್ಕಗಳ ಪಾಠ, ರೋಗಿಗಳಿಗೆ ಚಿಕಿತ್ಸೆ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ ಅನ್ನ, ಹೆದರಿ ಬಂದವರಿಗೆ ಆಶ್ರಯ. ಆಗಿನ ಮಠಾಧಿಪತಿ ವಾಮಶಕ್ತಿ. ಚಾಲುಕ್ಯರು ಹೋದರು, ಕಳಚುರಿ ಬಿಜ್ಜಳ ಬಂದ, ಆಮೇಲೆ ಹೊಯ್ಸಳ ವೀರಬಲ್ಲಾಳ ಬಂದ. ಸಿಂಹಾಸನದ ಮೇಲೆ ಕೂತವರು ಬದಲಾದರೂ ಮಠಕ್ಕೆ ದಾನ ಬರುವುದು ನಿಲ್ಲಲಿಲ್ಲ. ಹೊಸ ಅರಸನಿಗೂ ಊರಿನ ನಂಬಿಕೆ ಬೇಕಿತ್ತು, ಅದು ಮಠದ ಮೂಲಕ ಬರುತ್ತಿತ್ತು. ವಿಜಯನಗರದ ಮೊದಲ ದಿನಗಳಲ್ಲೂ ಮಾಧವ ಮಂತ್ರಿಯಂಥವರಿಗೆ ಕಾಶೀವಿಲಾಸ ಕ್ರಿಯಾಶಕ್ತಿ ಗುರುವಾಗಿದ್ದ.

ಮಠಕ್ಕೆ ಇಷ್ಟು ಆಸ್ತಿ ಸೇರಿದ ಮೇಲೆ ಜಗಳ, ದುರಾಸೆಗಳೂ ಇದ್ದಿರಲೇಬೇಕು. ದಾನಶಾಸನಗಳ ಕೊನೆಯಲ್ಲಿ, ಈ ಧರ್ಮವನ್ನು ಕೆಡಿಸಿದವನು ಕಾಶಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪ ಸುಮ್ಮನೆ ಬಂದದ್ದಲ್ಲ. ಕೆಡಿಸುವವರು ಇದ್ದುದರಿಂದಲೇ ಅದನ್ನು ಬರೆಸಬೇಕಾಯಿತು.

ಈಗ ಕೆರೆಗಳ ಹೊಣೆ ಸರ್ಕಾರದ್ದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೊಳವೆಗಳಲ್ಲಿ ತಂದು ಕೋಲಾರ ಜಿಲ್ಲೆಯ ಕೆರೆಗಳಿಗೆ ಬಿಡಲಾಗುತ್ತಿದೆ. ಆವಣಿಯಲ್ಲಿ ಶಿವರಾತ್ರಿಯ ಸಮಯಕ್ಕೆ ಜಾತ್ರೆ ನಡೆಯುತ್ತದೆ. ಸುತ್ತಲಿನ ರೈತರು ದನಗಳನ್ನು ಹೊಡೆದುಕೊಂಡು ಬರುತ್ತಾರೆ.