ಅಟ್ಟದ ಕತ್ತಿಯ ಊರು

ನಮ್ಮ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಒಂದು ಗಿಡ್ಡ ಕತ್ತಿಯಿದೆ. ಟಿಪ್ಪುವಿನ ದಂಡಿನವರು ಬಿಟ್ಟುಹೋದದ್ದೆಂದು ಅಜ್ಜ ಹೇಳುತ್ತಿದ್ದರು. ಅದರ ಒರೆಯ ಬೆಳ್ಳಿಯನ್ನು ಕರಗಿಸಿ ಮಗುವಿಗೆ ಕಾಲ್ಗೆಜ್ಜೆ ಮಾಡಿಸುವ ಮಾತು ಬಂದಾಗ, ಮೊದಲು ಅದರ ಊರು ತಿಳಿಯಲಿ ಎಂದು ನಾನು ತಡೆದೆ.

ಅಲಗೊಂದನ್ನೇ ನೋಡಿ ಊರು ಹೇಳುವುದು ಕಷ್ಟ. ಅಲಗು ಮಾರಾಟವಾಗುತ್ತದೆ, ಯುದ್ಧದಲ್ಲಿ ಕೈ ಬದಲಾಗುತ್ತದೆ. ಆದರೆ ಹಿಡಿಗೂ ಒರೆಗೂ ಬೆಳ್ಳಿ ಕಟ್ಟುವ ಅಕ್ಕಸಾಲಿಗನು ತನ್ನ ಸೀಮೆಯವರು ಮೆಚ್ಚುವ ರೂಪವನ್ನೇ ಕೊಡುತ್ತಾನೆ.

ಟಿಪ್ಪುವಿನ ಆಯುಧಶಾಲೆಯ ಕತ್ತಿಗಳಲ್ಲಿ ಹುಲಿಪಟ್ಟೆಯ ಗುರುತು ಪ್ರಸಿದ್ಧ. ನಮ್ಮದರಲ್ಲಿ ಅದರ ಸುಳಿವಿಲ್ಲ. ಮಲಬಾರಿನ ಮಾಪಿಳ್ಳೆಯವರ ಆಯುಧಕತ್ತಿಯಾದರೆ ಅಗಲವಾದ ಅಲಗಿನ ಮೇಲೆಯೇ ಹಿತ್ತಾಳೆಯ ಅಲಂಕಾರವಿರುತ್ತದೆ. ನಮ್ಮದರ ಅಲಗು ಬರಿದು, ಒಂದೇ ಮಗ್ಗುಲಿಗೆ ಬಾಯಿ. ಸೊಗಸೆಲ್ಲ ಹಿಡಿ ಮತ್ತು ಒರೆಯಲ್ಲಿ: ಗಿಳಿಯ ತಲೆಯಂತಹ ಹಿಡಿ, ಒರೆಗೆ ಬೆಳ್ಳಿಯ ತಗಡು, ಬೆಳ್ಳಿಯ ಸರಪಣಿ, ಅದರ ತುದಿಯಲ್ಲಿ ಚಿಮಟ ಮತ್ತು ಕಿವಿ ತೋಡುವ ಕಡ್ಡಿ.

ಕೊಡಗಿನ ಮದುವೆಗೆ ಹೋದವರು ಇದನ್ನು ಕಂಡಿರುತ್ತಾರೆ. ಬಿಳಿ ಕುಪ್ಯ ತೊಟ್ಟ ಮದುಮಗನ ಕೆಂಪು ಚೇಲೆಯಲ್ಲಿ ಸಿಕ್ಕಿಸಿರುವ ಪೀಚೆಕತ್ತಿ ಇದೇ. ಮಲಯಾಳದ 'ಪಿಚ್ಚಾತ್ತಿ' ಎಂಬ ಮಾತಿಗೂ ಈ ಹೆಸರಿಗೂ ಇರುವ ಹೋಲಿಕೆ ನಮ್ಮಂತಹ ಎರಡು ಭಾಷೆಯವರ ಕಿವಿಗೆ ಕೂಡಲೇ ತಿಳಿಯುತ್ತದೆ.

ನೆರೆಹೊರೆಯ ಈ ಎರಡು ಕತ್ತಿಗಳ ಹಣೆಬರಹ ಮಾತ್ರ ಬೇರೆಯಾಯಿತು. 1854ರ ಕಾಯಿದೆಯ ಬಲದಿಂದ ಮಲಬಾರಿನಲ್ಲಿ ಬ್ರಿಟಿಷರು ಆಯುಧಕತ್ತಿಗಳನ್ನು ಸಾವಿರಗಟ್ಟಲೆ ವಶಪಡಿಸಿಕೊಂಡರು. ಕೊಡವರಿಗಾದರೋ 1861ರಲ್ಲಿ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಅಲ್ಲಿ ಪೀಚೆಕತ್ತಿ ಮನೆಮನೆಯ ಒಡವೆಯಾಗಿ ಉಳಿಯಿತು.

ಕೊಡಗಿನ ಕತ್ತಿ ನಮ್ಮ ಅಟ್ಟಕ್ಕೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಸುಳ್ಯ, ಪುತ್ತೂರಿನ ಸೀಮೆಗಳು ಹಾಲೇರಿ ಅರಸರ ಕೈಯಲ್ಲಿದ್ದು, 1834ರಲ್ಲಿ ಕೊಡಗನ್ನು ಕಂಪೆನಿ ವಶಮಾಡಿಕೊಂಡ ಮೇಲೆ ಕನ್ನಡ ಜಿಲ್ಲೆಗೆ ಸೇರಿದವು. ಕಾಸರಗೋಡೂ ಅಂದು ಅದೇ ಜಿಲ್ಲೆ. ಘಟ್ಟದಿಂದಿಳಿದು ಸುಳ್ಯದ ಮೂಲಕ ಬರುವ ಪಯಸ್ವಿನಿಯ ದಾರಿಯಲ್ಲೇ ನಮ್ಮವರ ನಂಟಸ್ತಿಕೆಯೂ ವ್ಯಾಪಾರವೂ ನಡೆದಿತ್ತು. 1956ರ ಗಡಿರೇಖೆ ಆಮೇಲಿನದು.

ಒಂದು ಎಚ್ಚರಿಕೆಯ ಮಾತು. ಬೆಳ್ಳಿ ಹೇಳುವುದು ಕತ್ತಿ ಎಲ್ಲಿ ಸಿಂಗಾರಗೊಂಡಿತು ಎಂಬುದನ್ನು; ಅಲಗು ಎಲ್ಲಿ ಬಡಿಯಲ್ಪಟ್ಟಿತು ಎಂಬುದನ್ನಲ್ಲ. ಆದರೆ ಆ ಬೆಳ್ಳಿಯನ್ನೇ ಕರಗಿಸಿದರೆ ಉಳಿಯುವುದು ಊರಿಲ್ಲದ ಒಂದು ಕಬ್ಬಿಣದ ತುಂಡು. ನಿಮ್ಮ ಮನೆಯಲ್ಲೂ ಇಂತಹದಿದ್ದರೆ ಹುಣಿಸೆಹುಳಿ ಹಾಕಿ ಉಜ್ಜಬೇಡಿ, ಸರಪಣಿ ಬಿಡಿಸಬೇಡಿ. ಹಿರಿಯರು ಅದರ ಬಗ್ಗೆ ಹೇಳಿದ್ದನ್ನು ಬರೆದಿಡಿ.

ಮಗುವಿಗೆ ಗೆಜ್ಜೆಯನ್ನು ಪೇಟೆಯಿಂದ ತಂದೆವು. ಕತ್ತಿ ಪೆಟ್ಟಿಗೆಗೆ ಮರಳಿದೆ. ಅಜ್ಜನ ಟಿಪ್ಪುವಿನ ಕಥೆಯನ್ನೂ ಒಂದು ಚೀಟಿಯಲ್ಲಿ ಬರೆದು ಅದರ ಜತೆಗೇ ಇಟ್ಟಿದ್ದೇನೆ.