ಬಸಿರಿನ ಊಟ, ಐವತ್ತರ ಹೃದಯ

ಸಕ್ಕರೆ ಕಾಯಿಲೆಗೂ ಹೃದಯಾಘಾತಕ್ಕೂ ಕಾರಣ ಹುಡುಕುವಾಗ ಸಿಗರೇಟು, ಬೊಜ್ಜು, ಕೂತಲ್ಲೇ ಕೂರುವ ಕೆಲಸಗಳತ್ತ ಬೆರಳು ತೋರಿಸುವುದು ವೈದ್ಯರಿಗೆ ರೂಢಿ. ಹುಡುಕಾಟ ತಾಯಿಯ ಬಸಿರಿನಿಂದಲೇ ಶುರುವಾಗಬೇಕೆಂದು ಪಟ್ಟುಹಿಡಿದವರು ಸೌತಾಂಪ್ಟನ್‌ನ ಡೇವಿಡ್ ಬಾರ್ಕರ್. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1920ರ ದಶಕದಲ್ಲಿ ಕೂಸುಗಳು ಹೆಚ್ಚಾಗಿ ಸಾಯುತ್ತಿದ್ದ ಪ್ರದೇಶಗಳಲ್ಲೇ ಅರ್ಧ ಶತಮಾನದ ನಂತರ ಹೃದ್ರೋಗದ ಸಾವೂ ಹೆಚ್ಚಾಗಿತ್ತೆಂದು ಅವರೂ ಕ್ಲೈವ್ ಓಸ್ಮಂಡ್ ಅವರೂ 1986ರಲ್ಲಿ ತೋರಿಸಿದರು. ನಾರ್ವೆಯ ಫೋರ್ಸ್‌ಡಾಲ್ 1977ರಲ್ಲೇ ಇಂಥದ್ದನ್ನು ಹೇಳಿದ್ದರು.

ಪ್ರದೇಶವಾರು ಲೆಕ್ಕ ಸಾಲದು, ಒಬ್ಬೊಬ್ಬರ ಜನನದ ದಾಖಲೆ ಬೇಕಿತ್ತು. ಅದು ಸಿಕ್ಕಿದ್ದು ಹರ್ಟ್‌ಫರ್ಡ್‌ಶೈರ್‌ನಲ್ಲಿ. 1911ರಿಂದ ಅಲ್ಲಿನ ದಾದಿಯರು ಮನೆಮನೆಗೆ ಹೋಗಿ ಹುಟ್ಟಿದಾಗಿನ ತೂಕ, ಎದೆಹಾಲೋ ಬಾಟಲಿ ಹಾಲೋ, ವರ್ಷ ತುಂಬಿದಾಗಿನ ತೂಕ ಎಲ್ಲವನ್ನೂ ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಹಾಗೆ ಬರೆಯಲಾಗಿದ್ದ 5,654 ಗಂಡಸರ ಜಾಡು ಹಿಡಿದಾಗ, ಕೂಸಾಗಿದ್ದಾಗ ತೂಕ ಕಡಿಮೆಯಿದ್ದವರೇ ಹೃದ್ರೋಗದಿಂದ ಹೆಚ್ಚು ಸತ್ತಿದ್ದರು. ಈ ಶಾಸ್ತ್ರಕ್ಕೆ ಬುನಾದಿ ಹಾಕಿದವರು ಆ ದಾದಿಯರೇ ಎಂದು ನನ್ನ ನಂಬಿಕೆ. 1992ರಲ್ಲಿ ಬಾರ್ಕರ್ ಮತ್ತು ಹೇಲ್ಸ್ ಇದಕ್ಕೊಂದು ವಿವರಣೆ ಕೊಟ್ಟರು: ಆಹಾರ ಸಾಲದಾದಾಗ ಭ್ರೂಣ ಮಿದುಳನ್ನು ಕಾಪಾಡಿಕೊಂಡು, ಮೇದೋಜೀರಕದಂಥ ಅಂಗಗಳ ಬೆಳವಣಿಗೆಯಲ್ಲಿ ಉಳಿತಾಯ ಮಾಡುತ್ತದೆ. ಮುಂದೆ ಹೊಟ್ಟೆತುಂಬ ಊಟ ಸಿಕ್ಕಾಗ ಆ ದೇಹಕ್ಕೆ ಅದನ್ನು ನಿಭಾಯಿಸುವ ಶಕ್ತಿ ಇರುವುದಿಲ್ಲ.

ಬಡತನವೇ ಎರಡಕ್ಕೂ ಕಾರಣವಾಗಿರಬಾರದೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಒಂದು ಮಟ್ಟದ ಉತ್ತರ ಸಿಕ್ಕಿದ್ದು ನೆದರ್ಲೆಂಡ್ಸ್‌ನ 1944-45ರ ಬರಗಾಲದ ಚಳಿಗಾಲದಿಂದ. ಜರ್ಮನ್ ಸೇನೆಯ ನಿರ್ಬಂಧದಿಂದಾಗಿ ಉಂಡು ಬೆಳೆದ ಜನರ ಪಡಿತರ ಕೆಲವೇ ತಿಂಗಳು ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಹಾಗಾಗಿ ಬಸಿರಿನ ಯಾವ ತಿಂಗಳಲ್ಲಿ ಹಸಿವು ಬಂತೆಂದು ಲೆಕ್ಕ ಹಾಕಬಹುದಾಯಿತು. ಮೊದಲ ತಿಂಗಳುಗಳಲ್ಲಿ ಹಸಿವು ಕಂಡ ಮಕ್ಕಳು ತೂಕದಲ್ಲಿ ಹೆಚ್ಚು ಕಡಿಮೆ ಸರಿಯಾಗಿಯೇ ಹುಟ್ಟಿದರು. ಆದರೆ ನಡುವಯಸ್ಸಿನಲ್ಲಿ ಅವರಲ್ಲೇ ಹೃದ್ರೋಗ ಹೆಚ್ಚು ಕಂಡಿತು. ಅಂದರೆ ಹುಟ್ಟುತೂಕ ಎಲ್ಲವನ್ನೂ ಹೇಳುವುದಿಲ್ಲ.

ನಮ್ಮ ನಾಡಿನ ಪಾಲೂ ಸಣ್ಣದಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಅಲ್ಲಿ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿದ ವರದಿ 1996ರಲ್ಲಿ ಬಂತು: ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11ರಷ್ಟು ಮಂದಿಗೆ ಹೃದ್ರೋಗ, 3.1 ಕಿಲೋ ದಾಟಿದವರಲ್ಲಿ ಶೇ. 3. ಆದರೆ ಸಕ್ಕರೆ ಕಾಯಿಲೆಯ ಲೆಕ್ಕ ಬೇರೆಯೇ ಬಂತು. ಅಲ್ಲಿ ಅಪಾಯ ಹೆಚ್ಚಿದ್ದದ್ದು ಗಿಡ್ಡಗೆ, ಗುಂಡಗೆ ಹುಟ್ಟಿದವರಿಗೆ, ಮೈತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ.

ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಇದನ್ನು ಇನ್ನಷ್ಟು ಬಿಡಿಸಿದರು. ಅಲ್ಲಿನ ಹಳ್ಳಿಯ ಕೂಸು ಸರಾಸರಿ 2.7 ಕಿಲೋ, ಸೌತಾಂಪ್ಟನ್ನಿನದು 3.5. ಸೊರಗಿದ್ದು ಸ್ನಾಯು, ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ತಾಯಿಗೆ ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದರೆ, ಆರನೇ ವಯಸ್ಸಿಗೇ ಮಗುವಿನ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿರಲಿಲ್ಲ. ಎಷ್ಟು ಉಂಡಳು ಎಂಬುದಷ್ಟೇ ಅಲ್ಲ, ತಟ್ಟೆಯಲ್ಲಿ ಏನಿತ್ತು ಎಂಬುದೂ ಮುಖ್ಯವಾಯಿತು.

ಇಷ್ಟೆಲ್ಲ ಓದಿ ತಾಯಿಯನ್ನು ದೂರುವುದು ಅನ್ಯಾಯ. ಮನೆಯಲ್ಲಿ ಕೊನೆಗೆ ಉಣ್ಣುವವಳು ಅವಳೇ. ಮುಂಬೈಯ ಕೊಳೆಗೇರಿಗಳಲ್ಲಿ ಸೊಪ್ಪು, ಹಣ್ಣು, ಹಾಲು ಬೆರೆಸಿದ ತಿಂಡಿಯನ್ನು ಬಸಿರಿಗೆ ಮೊದಲಿನಿಂದಲೇ ಕೊಟ್ಟು ನೋಡಿದಾಗ, ಮೂರು ತಿಂಗಳಾದರೂ ಮುಂಚೆ ಶುರುಮಾಡಿದವರ ಕೂಸುಗಳ ತೂಕ ತುಸು ಏರಿತು. ತೀರಾ ಬಡಕಲಾಗಿದ್ದ ತಾಯಂದಿರಲ್ಲಿ ಆ ಫಲ ಕಾಣಲಿಲ್ಲ. ನಮ್ಮ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸುವುದು ಬಸಿರು ನಿಂತ ಮೇಲೆ. ಅದು ಬೇಕೇ ಬೇಕು. ಆದರೆ ಹೈಸ್ಕೂಲಿನ ಹುಡುಗಿಯ ತಟ್ಟೆಗೂ ಮೊಟ್ಟೆ, ಹಾಲು, ಸೊಪ್ಪು ತಪ್ಪದೆ ಬೀಳಬೇಕು.